ತಿರುವಿನಲ್ಲಿ ತಡವರಿಸುವ ಎಂಜಿನ್

ಸಕಲೇಶಪುರದಿಂದ ಹೊರಟು ಹೆತ್ತೂರು, ವನಗೂರುಗಳ ಮೇಲೆ ಬಿಸಿಲೆ ಘಾಟಿಯನ್ನಿಳಿದು ಕುಕ್ಕೆ ಸುಬ್ರಹ್ಮಣ್ಯವನ್ನು ಸೇರುವ ದಾರಿಯನ್ನು ನೋಡಿದವರಿಗೆ ಅದರ ಸ್ವಭಾವವನ್ನು ಹೇಳಬೇಕಾಗಿಲ್ಲ. ಕಾಫಿ ತೋಟದ ಬೇಲಿಯನ್ನು ಬಳಸಿಕೊಂಡು ಒಂದು ತಿರುವು. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಇಂಥ ದಾರಿಯನ್ನು ಹತ್ತಿ ಬರುವ ಚಾಲಕನು ತಿರುವಿಗೆ ಮುಂಚೆ ವೇಗವರ್ಧಕದ ಪೆಡಲಿನಿಂದ ಕಾಲನ್ನು ತೆಗೆಯುತ್ತಾನೆ. ಗಾಡಿಯ ಮೂತಿ ತಿರುಗಿದ ಕೂಡಲೇ ಮತ್ತೆ ಒತ್ತುತ್ತಾನೆ. ಒತ್ತಿದಾಗ ಎಂಜಿನ್ ಎಳೆಯಬೇಕು. ಆದರೆ ಕೆಲವು ಕಾರುಗಳು ಎಳೆಯುವುದಿಲ್ಲ. ಅರ್ಧ ಸೆಕೆಂಡಿನಷ್ಟು ಕಾಲ ಉಸಿರು ಕಟ್ಟಿದಂತೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಮುಗ್ಗರಿಸಿ ಮುಂದಕ್ಕೆ ನೆಗೆಯುತ್ತವೆ.

ಬಯಲುಸೀಮೆಯ ನೇರವಾದ ರಸ್ತೆಯಲ್ಲಿ ಇದು ಸಣ್ಣ ಕಿರಿಕಿರಿ, ಅಷ್ಟೆ. ಆದರೆ ಎದುರಿನಿಂದ ಭಾರ ಹೇರಿಕೊಂಡ ಲಾರಿ ಇಳಿದು ಬರುತ್ತಿರುವಾಗ, ತಿರುವಿನ ನಡುಮಧ್ಯದಲ್ಲಿ, ಈ ಅರ್ಧ ಸೆಕೆಂಡು ಬಹಳ ದೊಡ್ಡದು. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಬರುವ ಲಾರಿಯು ಅಷ್ಟರಲ್ಲಿ 5 ಮೀಟರು ಸಾಗಿರುತ್ತದೆ. ಆದುದರಿಂದ ಈ ತಡವರಿಕೆಯ ಕಾರಣವನ್ನು ಹುಡುಕುವುದು ಕೇವಲ ಕುತೂಹಲದ ಮಾತಲ್ಲ.

ಆಶ್ಚರ್ಯವೆಂದರೆ, ಈ ದೋಷವು ಸಾಧಾರಣವಾದ ಕಾರಿಗಿಂತ ಹೆಚ್ಚು ವೇಗಕ್ಕಾಗಿ ನಿರ್ಮಿಸಿದ ಕಾರಿನಲ್ಲೇ ಎದ್ದು ಕಾಣುತ್ತದೆ. ನಮ್ಮ ಕಾಫಿ ಸೀಮೆಗೆ ಅಂಥ ಕಾರುಗಳು ಹೊಸವಲ್ಲ. ಚಿಕ್ಕಮಗಳೂರಿನ ತೋಟಗಳ ನಡುವಣ ದಾರಿಗಳಲ್ಲಿ 2016ರಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿ ಸರಣಿಯ ಭಾರತದ ಸುತ್ತು ನಡೆಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯ ಹೆಸರನ್ನು ಮೋಟಾರು ಪ್ರಿಯರೆಲ್ಲರೂ ಬಲ್ಲರು. ಬಲಶಾಲಿಯಾದ ಎಂಜಿನ್ ನಿಧಾನಗತಿಯಲ್ಲಿ ಏಕೆ ತಡವರಿಸಬೇಕು? ಕಾರಣವನ್ನು ಕಂಡುಹಿಡಿಯುವ ಕ್ರಮವೇನು? ಇವೆರಡು ಪ್ರಶ್ನೆಗಳೇ ಈ ಪಾಠದ ವಿಷಯ.

ದೂರನ್ನು ಸರಿಯಾಗಿ ಕೇಳುವುದು

ವೈದ್ಯನು ಔಷಧ ಕೊಡುವ ಮೊದಲು ರೋಗಿಯನ್ನು ಪ್ರಶ್ನಿಸುತ್ತಾನಷ್ಟೆ. ಇಲ್ಲಿಯೂ ಮೊದಲ ಕೆಲಸ ಅದೇ. "ಗಾಡಿ ಎಳೆಯುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಜನರು ಬೇರೆ ಬೇರೆ ದೋಷಗಳನ್ನು ಸೇರಿಸಿಬಿಡುತ್ತಾರೆ. ಪೆಡಲನ್ನು ಒತ್ತಿದಾಗ ಕ್ಷಣಕಾಲ ಏನೂ ಆಗದೆ, ಅಥವಾ ಇದ್ದ ಬಲವೂ ಕುಗ್ಗಿ, ಅನಂತರ ಎಂಜಿನ್ ಚೇತರಿಸಿಕೊಂಡರೆ ಅದು ತಡವರಿಕೆ. ಬಲವು ಕುಗ್ಗದೆ, ನಿಧಾನವಾಗಿ ಆದರೆ ಒಂದೇ ಸಮನಾಗಿ ಏರುತ್ತ ಹೋದರೆ ಅದು ಟರ್ಬೊ ಇರುವ ಎಂಜಿನ್ನಿನ ಸ್ವಾಭಾವಿಕವಾದ ವಿಳಂಬ. ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಟರ್ಬೊಚಕ್ರವು ವೇಗವನ್ನು ಪಡೆಯಲು ಕೊಂಚ ಕಾಲ ಬೇಕು. ಮೂರನೆಯ ಗೇರಿನಲ್ಲಿ ಕಡಿದಾದ ಏರನ್ನು ಹತ್ತಿಸಲು ಹೋಗಿ ಎಂಜಿನ್ ಗುದ್ದಿಕೊಂಡು ನರಳಿದರೆ, ಅದು ಎಂಜಿನ್ನಿನ ದೋಷವಲ್ಲ, ಚಾಲಕನದು. ಎರಡನೆಯ ಗೇರಿಗೆ ಇಳಿಸುವುದೇ ಅದಕ್ಕೆ ಚಿಕಿತ್ಸೆ.

ಈ ಮೂರನ್ನು ಬೇರ್ಪಡಿಸದೆ ಬಿಡಿಭಾಗಗಳನ್ನು ಬದಲಾಯಿಸತೊಡಗಿದರೆ ಹಣ ವ್ಯಯವಾಗುವುದಲ್ಲದೆ ದೋಷವು ಉಳಿದೇ ಇರುತ್ತದೆ.

ಎಂಜಿನ್ನಿನ ಒಳಗೆ ಅರ್ಧ ಸೆಕೆಂಡು

ನಾಲ್ಕು ಹೊಡೆತಗಳ ಪೆಟ್ರೋಲ್ ಎಂಜಿನ್ನಿನ ಕಾರ್ಯಕ್ರಮವನ್ನು ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೊ ರೂಪಿಸಿದ ಎಂಜಿನ್ ಈ ಕ್ರಮವನ್ನೇ ಅನುಸರಿಸಿತು: ಮಿಶ್ರಣವನ್ನು ಒಳಕ್ಕೆಳೆಯುವುದು, ಅದುಮುವುದು, ಉರಿಸುವುದು, ಹೊಗೆಯನ್ನು ಹೊರದಬ್ಬುವುದು. ಈ ನಾಲ್ಕು ಹೊಡೆತಗಳಿಗೆ ಅಚ್ಚು ಎರಡು ಸುತ್ತು ತಿರುಗುತ್ತದೆ.

ಈಗ ಒಂದು ಲೆಕ್ಕ. ಅಚ್ಚು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದೆ ಎನ್ನೋಣ. ಎಂದರೆ ಸೆಕೆಂಡಿಗೆ 20 ಸುತ್ತು. ಪ್ರತಿಯೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 10 ಸಲ ದಹನವಾಗುತ್ತದೆ. ನಾಲ್ಕು ಸಿಲಿಂಡರುಗಳಿದ್ದರೆ ಒಟ್ಟು 40 ಸಲ. ಹಾಗಾದರೆ ಅರ್ಧ ಸೆಕೆಂಡಿನ ತಡವರಿಕೆಯೆಂದರೆ ಸುಮಾರು 20 ದಹನಗಳು ಸರಿಯಾಗಿ ನಡೆಯಲಿಲ್ಲವೆಂದು ಅರ್ಥ. ಒಂದು ಕಿಡಿ ತಪ್ಪಿದರೆ ನಮಗೆ ಒಂದು ಸಣ್ಣ ನಡುಕ ಮಾತ್ರ ತಿಳಿದೀತು. ಸಾಲಾಗಿ ಇಪ್ಪತ್ತು ಕೆಟ್ಟರೆ ಗಾಡಿಯೇ ನಿಂತಂತಾಗುತ್ತದೆ.

ಒಂದೊಂದು ದಹನಕ್ಕೂ ಬೇಕಾದ ಪೆಟ್ರೋಲು ಎಷ್ಟು? 1.6 ಲೀಟರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು 400 ಘನ ಸೆಂಟಿಮೀಟರು. ಸಕಲೇಶಪುರದ ಎತ್ತರದಲ್ಲಿ ಅಷ್ಟು ಗಾಳಿಯ ತೂಕ ಸುಮಾರು 0.42 ಗ್ರಾಂ. ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಭಾಗಿಸಿದರೆ ಬರುವುದು 29 ಮಿಲಿಗ್ರಾಂ, ಎಂದರೆ ಹತ್ತು ಹನ್ನೆರಡು ಸಾಸಿವೆ ಕಾಳುಗಳ ತೂಕ. ಪೆಡಲನ್ನು ಅರೆಬರೆ ಒತ್ತಿದಾಗ ಇದಕ್ಕೂ ಕಡಿಮೆ. ಇಷ್ಟು ಅಲ್ಪವಾದ ಪರಿಮಾಣವನ್ನು ಸೆಕೆಂಡಿಗೆ 40 ಸಲ ಅಳೆದು ಕೊಡಬೇಕಾದ ವ್ಯವಸ್ಥೆಯಲ್ಲಿ ಚಿಕ್ಕ ತಪ್ಪೂ ದೊಡ್ಡದಾಗಿ ಕಾಣುವುದರಲ್ಲಿ ಸೋಜಿಗವಿಲ್ಲ.

ಪೆಟ್ರೋಲಿನ ಅಂಶ ಅಗತ್ಯಕ್ಕಿಂತ ಹೆಚ್ಚಾದ ಮಿಶ್ರಣವನ್ನು ಗಾಢ ಮಿಶ್ರಣವೆಂದೂ, ಕಡಿಮೆಯಾದುದನ್ನು ವಿರಳ ಮಿಶ್ರಣವೆಂದೂ ಕರೆಯೋಣ. ಎರಡೂ ಮಿತಿಯೊಳಗಿದ್ದರೆ ಉರಿಯುತ್ತವೆ. ವಿರಳತೆ ಮಿತಿ ಮೀರಿದರೆ ಕಿಡಿ ಹಾರಿದರೂ ಜ್ವಾಲೆ ಹಬ್ಬುವುದಿಲ್ಲ.

ಪೆಡಲನ್ನು ಒತ್ತಿದಾಗ ಆಗುವುದೇನು?

ಪೆಡಲು ನೇರವಾಗಿ ಪೆಟ್ರೋಲನ್ನು ಹೆಚ್ಚಿಸುತ್ತದೆಂದು ಅನೇಕರ ನಂಬಿಕೆ. ನಿಜವಾಗಿ ಅದು ತೆರೆಯುವುದು ಗಾಳಿಯ ಬಾಗಿಲನ್ನು. ಬಾಗಿಲು ತೆರೆದೊಡನೆ ಹಗುರವಾದ ಗಾಳಿ ಒಳಕ್ಕೆ ನುಗ್ಗುತ್ತದೆ. ಪೆಟ್ರೋಲು ಅಷ್ಟು ಚುರುಕಲ್ಲ. ಒಳದಾರಿಯ ಕೊಳವೆಯಲ್ಲಿ ಸಿಂಪಡಿಸಿದ ಪೆಟ್ರೋಲಿನ ಒಂದು ಭಾಗವು ಗೋಡೆಗೆ ಅಂಟಿ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಅದು ಮೆಲ್ಲಮೆಲ್ಲನೆ ಆವಿಯಾಗಿ ಸಿಲಿಂಡರನ್ನು ಸೇರಬೇಕು. ಬಾಗಿಲು ಮುಚ್ಚಿರುವಾಗ ಕೊಳವೆಯೊಳಗೆ ಒತ್ತಡ ಕಡಿಮೆಯಿದ್ದು ಪೆಟ್ರೋಲು ಬೇಗ ಆವಿಯಾಗುತ್ತಿರುತ್ತದೆ. ತೆರೆದಾಗ ಒತ್ತಡ ಏರುತ್ತದೆ, ಆವಿಯಾಗುವುದು ತಗ್ಗುತ್ತದೆ, ಗೋಡೆಯ ಪೊರೆ ದಪ್ಪವಾಗುತ್ತದೆ. ಹೀಗೆ ಗಾಳಿ ಹೆಚ್ಚಿದ ಕ್ಷಣದಲ್ಲೇ ಪೆಟ್ರೋಲು ಗೋಡೆಯ ಪಾಲಾಗಿ, ಮಿಶ್ರಣವು ವಿರಳವಾಗುತ್ತದೆ.

ಇದು ಯಂತ್ರದ ರೋಗವಲ್ಲ, ಹುಟ್ಟುಗುಣ. ಕಾರ್ಬ್ಯುರೇಟರಿನ ಕಾಲದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಪೆಡಲನ್ನು ಒತ್ತಿದಾಗ ಚಿಕ್ಕದೊಂದು ಪಂಪು ಚಿಮ್ಮಿ ಸ್ವಲ್ಪ ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತಿತ್ತು. 1985ರಲ್ಲಿ ಬಂದು ಮಲೆನಾಡಿನ ತೋಟಗಳಲ್ಲಿ ಮನೆಮಾತಾದ ಮಾರುತಿ ಜಿಪ್ಸಿಯ ಮೊದಲ ಗಾಡಿಗಳಲ್ಲಿ ಕಾರ್ಬ್ಯುರೇಟರೇ ಇತ್ತು. ಆ ಪಂಪಿನ ತೆಳುಪೊರೆ ಹರಿದರೆ ಎಂಜಿನ್ ತಡವರಿಸುವುದನ್ನು ಹಳೆಯ ಮೆಕ್ಯಾನಿಕ್ಕುಗಳು ಕಿವಿಯಿಂದಲೇ ಗುರುತಿಸುತ್ತಿದ್ದರು. 1967ರಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನ ಸಿಂಪಡಣೆ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಳಕೆಗೆ ಬಂದ ಮೇಲೆ ಈ ಕೆಲಸವನ್ನು ಕ್ರಮವಾಗಿ ಗಣಕವು ವಹಿಸಿಕೊಂಡಿತು. ಪೆಡಲಿನ ಚಲನೆಯನ್ನು ಅರಿತು ಅದು ಸಿಂಪಡಿಕೆಯನ್ನು ಕ್ಷಣಕಾಲ ಹೆಚ್ಚಿಸುತ್ತದೆ. ಆದರೆ ಗಣಕಕ್ಕೆ ಕಣ್ಣಿಲ್ಲ. ಸಂವೇದಕಗಳು ಹೇಳಿದ್ದನ್ನು ಅದು ನಂಬಬೇಕು. ಸಂವೇದಕವು ಸುಳ್ಳು ಹೇಳಿದರೆ, ಅಥವಾ ಸಂವೇದಕಕ್ಕೆ ಕಾಣದಂತೆ ಗಾಳಿ ಒಳನುಸುಳಿದರೆ, ಅದರ ಲೆಕ್ಕ ತಪ್ಪುತ್ತದೆ.

ಘಾಟಿಯ ತಿರುವು ಈ ವ್ಯವಸ್ಥೆಗೆ ಅತ್ಯಂತ ಕಠಿಣವಾದ ಪರೀಕ್ಷೆ. ಕಾಲನ್ನು ತೆಗೆದು ಗಾಡಿಯನ್ನು ಅದರ ಓಟದಲ್ಲೇ ಬಿಟ್ಟಾಗ ಈಗಿನ ಎಂಜಿನ್ನುಗಳು ಪೆಟ್ರೋಲನ್ನು ಪೂರ್ತಿಯಾಗಿ ನಿಲ್ಲಿಸಿಬಿಡುವುದುಂಟು. ಆಗ ಕೊಳವೆಯ ಗೋಡೆ ಒಣಗುತ್ತದೆ. ಮತ್ತೆ ಒತ್ತಿದಾಗ ಮೊದಲು ಗೋಡೆ ನೆನೆಯಬೇಕು, ಆಮೇಲೆ ಸಿಲಿಂಡರಿಗೆ ಪಾಲು.

ವೇಗದ ಕಾರಿಗೇ ಏಕೆ ಈ ಕಾಟ?

ನಿಮಿಷಕ್ಕೆ 6000 ಸುತ್ತಿನಲ್ಲಿ ಚೆನ್ನಾಗಿ ಉಸಿರಾಡಬೇಕಾದ ಎಂಜಿನ್ನಿಗೆ ಅಗಲವಾದ ಗಾಳಿದಾರಿ ಬೇಕು. ಅದೇ ಅಗಲವಾದ ದಾರಿಯಲ್ಲಿ 1200 ಸುತ್ತಿನಲ್ಲಿ ಗಾಳಿ ತೆವಳುತ್ತದೆ. ರಭಸವಿಲ್ಲದ ಗಾಳಿಯಲ್ಲಿ ಪೆಟ್ರೋಲಿನ ಹನಿಗಳು ಸರಿಯಾಗಿ ಬೆರೆಯುವುದಿಲ್ಲ. ಇದು ಮೊದಲನೆಯ ಕಾರಣ.

ಹೆಚ್ಚು ಸುತ್ತುಗಳಲ್ಲಿ ಸಿಲಿಂಡರು ಪೂರ್ಣವಾಗಿ ತುಂಬಲೆಂದು ಒಳಕವಾಟವನ್ನೂ ಹೊರಕವಾಟವನ್ನೂ ಕೆಲಹೊತ್ತು ಒಟ್ಟಿಗೆ ತೆರೆದಿಡುವಂತೆ ವಿನ್ಯಾಸ ಮಾಡಿರುತ್ತಾರೆ. ನಿಧಾನಗತಿಯಲ್ಲಿ ಈ ಸಂಧಿಕಾಲದಲ್ಲಿ ಉರಿದ ಹೊಗೆ ಹಿಂದಕ್ಕೆ ಒಳದಾರಿಗೆ ಸರಿದು ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಇದು ಎರಡನೆಯದು.

ಮೂರನೆಯದಾಗಿ, ಗಾಳಿಯ ಬಾಗಿಲು ದೊಡ್ಡದಾದಷ್ಟೂ ಪೆಡಲಿನ ಅಲ್ಪ ಚಲನೆಗೆ ಗಾಳಿಯ ಹೆಚ್ಚಳ ಅಧಿಕ. ಜೊತೆಗೆ ಇಂಥ ಕಾರುಗಳ ಗತಿಪಾಲಕ ಚಕ್ರ ಹಗುರ. ಕೆಲವು ದಹನಗಳು ತಪ್ಪಿದರೆ ಓಟವನ್ನು ಕಾಯ್ದುಕೊಳ್ಳುವ ಶಕ್ತಿ ಅದರಲ್ಲಿ ಕಡಿಮೆ. ಮೇಲಿನ ಸುತ್ತುಗಳಲ್ಲಿ ಪಡೆದ ಲಾಭಕ್ಕೆ ಕೆಳಗಿನ ಸುತ್ತುಗಳಲ್ಲಿ ತೆರುವ ಬೆಲೆಯಿದು. ಆರೋಗ್ಯವಾಗಿರುವಾಗ ಗಣಕವು ಈ ಬೆಲೆಯನ್ನು ಮರೆಮಾಚುತ್ತದೆ. ಸಣ್ಣ ದೋಷ ಸೇರಿದೊಡನೆ ಅದು ಬಯಲಿಗೆ ಬರುತ್ತದೆ.

ಮಲೆನಾಡಿನ ಗಾಳಿ, ಮಳೆ, ಪೆಟ್ರೋಲು

ವನಗೂರಿನ ಸೀಮೆಯಲ್ಲಿ ದೋಷವನ್ನು ಹುಡುಕುವವನು ಮೂರು ಸ್ಥಳೀಯ ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು.

ಮೊದಲನೆಯದು ಎತ್ತರ. ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು 950 ಮೀಟರು ಮೇಲಿದೆ. ಮಂಗಳೂರಿನ ತೀರದಲ್ಲಿ ವಾತಾವರಣದ ಒತ್ತಡ ಸುಮಾರು 1013 ಮಿಲಿಬಾರ್ ಆದರೆ ಇಲ್ಲಿ ಸುಮಾರು 900. ಎಂದರೆ ಶೇಕಡ 10ರಷ್ಟು ಗಾಳಿಯೇ ಕಡಿಮೆ; ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕಾರ್ಬ್ಯುರೇಟರಿನಲ್ಲಿ ಇನ್ನೊಂದು ಪರಿಣಾಮವುಂಟು. ಅದರ ಗಾಳಿ-ಪೆಟ್ರೋಲಿನ ಪ್ರಮಾಣವು ಗಾಳಿಯ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ, ತೀರದಲ್ಲಿ ಸರಿಹೊಂದಿಸಿದ ಮಿಶ್ರಣ ಇಲ್ಲಿ ಶೇಕಡ 5ರಷ್ಟು ಗಾಢವಾಗುತ್ತದೆ. ಗಾಳಿಯನ್ನು ಅಳೆದು ಸಿಂಪಡಿಸುವ ಕಾರುಗಳಲ್ಲಿ ಗಣಕವು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಎರಡನೆಯದು ಮಳೆ. ಕಿಡಿಗೆ ಬೇಕಾದ ವಿದ್ಯುತ್ತಿನ ಒತ್ತಡ ಹತ್ತಾರು ಸಾವಿರ ವೋಲ್ಟುಗಳು. ಸಿಲಿಂಡರಿನಲ್ಲಿ ಮಿಶ್ರಣವನ್ನು ಅದುಮಿದಷ್ಟೂ ಕಿಡಿ ಹಾರುವುದು ಕಷ್ಟ. ಪೆಡಲನ್ನು ಒತ್ತಿದಾಗ ಸಿಲಿಂಡರು ಹೆಚ್ಚು ತುಂಬುವುದರಿಂದ ಹೆಚ್ಚು ವೋಲ್ಟು ಬೇಕು. ಸ್ಪಾರ್ಕ್ ಪ್ಲಗ್ಗಿನ ಸಂದು ಸವೆದು ಅಗಲವಾಗಿದ್ದರೆ, ಅಥವಾ ಅದರ ರಬ್ಬರಿನ ಕವಚದಲ್ಲಿ ತೇವವಿದ್ದರೆ, ವಿದ್ಯುತ್ತು ಸುಲಭವಾದ ಅಡ್ಡದಾರಿಯನ್ನು ಹಿಡಿದು ಹೊರಗೇ ಸೋರಿಹೋಗುತ್ತದೆ. ನಮ್ಮ ದೇಶದಲ್ಲಿ ಈ ಪ್ಲಗ್ಗುಗಳ ತಯಾರಿಕೆಗೆ ಹೆಸರಾದುದು 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಸಿದ ಮೈಕೋ ಕಾರ್ಖಾನೆ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು.

ಮೂರನೆಯದು ಪೆಟ್ರೋಲು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಲಾಯಿತು. ಒಂದು ಗ್ರಾಂ ಎಥೆನಾಲ್ ಉರಿಯಲು ಕೇವಲ 9 ಗ್ರಾಂ ಗಾಳಿ ಸಾಕು. ಆದುದರಿಂದ ಶೇಕಡ 10 ಬೆರೆತ ಪೆಟ್ರೋಲಿಗೆ 14.1 ಗ್ರಾಂ, ಶೇಕಡ 20 ಬೆರೆತುದಕ್ಕೆ 13.5 ಗ್ರಾಂ ಗಾಳಿ ಸರಿಹೋಗುತ್ತದೆ. ಮೊದಲಿನದಕ್ಕೆ ಹೊಂದಿಸಿದ ಎಂಜಿನ್ನಿಗೆ ಎರಡನೆಯದನ್ನು ಹಾಕಿದರೆ, ಅದೇ ಗಾಳಿಗೆ ಶೇಕಡ 4ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಇನ್ನೊಂದು ಮಾತು: ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತೊಟ್ಟಿಯ ತಳವನ್ನು ಸೇರುತ್ತವೆ; ಪಂಪು ಹೀರುವುದೂ ತಳದಿಂದಲೇ. ಮುಂಗಾರಿನಲ್ಲಿ ತೋಟದ ಷೆಡ್ಡಿನಲ್ಲಿ ಅರ್ಧ ತುಂಬಿದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲನ್ನು ಕಾರಿಗೆ ಸುರಿಯಬಾರದೆಂಬುದಕ್ಕೆ ಇದೇ ಕಾರಣ.

ಒಂದು ನಿದರ್ಶನ

ಈಗ ಪಾಠಕ್ಕಾಗಿ ಕಟ್ಟಿಕೊಂಡ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ವನಗೂರಿನ ಸಮೀಪದ ಒಬ್ಬ ಕಾಫಿ ಬೆಳೆಗಾರರ ಬಳಿ 1.6 ಲೀಟರಿನ, 16 ಕವಾಟಗಳ, ಟರ್ಬೊ ಇಲ್ಲದ ವೇಗದ ಕಾರಿದೆ. ಒಳಬರುವ ಗಾಳಿಯ ತೂಕವನ್ನು ಅಳೆಯುವ ಮಾಪಕ ಅದರಲ್ಲಿದೆ. ತಿರುವುಗಳಲ್ಲಿ ಅದು ತಡವರಿಸುತ್ತದೆ. ಯಾರೋ ಹೇಳಿದರೆಂದು ಪ್ಲಗ್ಗುಗಳನ್ನು ಬದಲಾಯಿಸಿದರು, ಗುಣವಾಗಲಿಲ್ಲ. ಪೆಟ್ರೋಲ್ ಪಂಪನ್ನು ಬದಲಾಯಿಸಿದರು, ಆಗಲೂ ಇಲ್ಲ. ಇನ್ನು ಗಣಕವನ್ನೇ ಬದಲಾಯಿಸಬೇಕೆಂಬ ಸಲಹೆ ಬಂದಿದೆ. ಅಷ್ಟರಲ್ಲಿ ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಸೋದರಳಿಯನು ರಜೆಗೆ ಬರುತ್ತಾನೆ.

"ಮಾವ, ಇನ್ನೇನನ್ನೂ ಕೊಳ್ಳಬೇಡಿ. ಒಂದು ವಾರ ಬರೆದಿಡೋಣ" ಎನ್ನುತ್ತಾನೆ ಅವನು.

ಬರೆದಿಟ್ಟ ವಿವರಗಳು ಹೀಗಿವೆ. ಬೆಳಗಿನ ಚಳಿಯಲ್ಲಿ ದೋಷ ಹೆಚ್ಚು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಡಿಮೆ. ಮಳೆಯ ದಿನಕ್ಕೂ ಒಣದಿನಕ್ಕೂ ಭೇದವಿಲ್ಲ. ಎರಡು ಬೇರೆ ಬಂಕುಗಳಲ್ಲಿ ಪೆಟ್ರೋಲು ತುಂಬಿಸಿದರೂ ಹಾಗೆಯೇ. ಮೊದಲನೆಯ ಗೇರಿನಲ್ಲಿಯೂ ತಡವರಿಕೆ ಇದೆ. ಘಾಟಿಯನ್ನಿಳಿದು ಸುಬ್ರಹ್ಮಣ್ಯಕ್ಕೆ ಹೋದಾಗಲೂ ಇದೆ. ಆದರೆ 4000 ಸುತ್ತಿನ ಮೇಲೆ ಪೆಡಲನ್ನು ಪೂರ್ತಿ ಒತ್ತಿದರೆ ಕಾರು ಬಾಣದಂತೆ ಹೋಗುತ್ತದೆ.

ಈ ಆರು ಸಾಲುಗಳಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಆದರೂ ಎಷ್ಟೊಂದು ಸಂದೇಹಗಳು ಪರಿಹಾರವಾದುವು! ಘಾಟಿಯ ಬುಡದಲ್ಲಿಯೂ ದೋಷವಿರುವುದರಿಂದ ಎತ್ತರವು ನಿರಪರಾಧಿ. ಮೊದಲನೆಯ ಗೇರಿನಲ್ಲಿಯೂ ಇರುವುದರಿಂದ ಚಾಲಕನು ನಿರಪರಾಧಿ. ಮಳೆಗೆ ಭೇದವಿಲ್ಲದ್ದರಿಂದ ಕಿಡಿಯ ಸೋರಿಕೆಯ ಸಂಶಯ ದುರ್ಬಲವಾಯಿತು. ಪೂರ್ಣಬಲದಲ್ಲಿ ಪೆಟ್ರೋಲು ಅತ್ಯಂತ ಹೆಚ್ಚು ಬೇಕು. ಅಲ್ಲಿ ಕೊರತೆಯಿಲ್ಲವೆಂದ ಮೇಲೆ ಪಂಪೂ ಶೋಧಕವೂ ಸರಿಯಾಗಿವೆ. ಪಂಪನ್ನು ಬದಲಾಯಿಸುವ ಮೊದಲೇ ಇದನ್ನು ಯೋಚಿಸಿದ್ದರೆ ಆ ಹಣ ಉಳಿಯುತ್ತಿತ್ತು.

ಮುಂದಿನದು ಅಳತೆ. ಈಗಿನ ಕಾರುಗಳಲ್ಲಿ ಚಾಲಕನ ಮೊಣಕಾಲಿನ ಬಳಿ 16 ಕಡ್ಡಿಗಳ ಒಂದು ಸಂಪರ್ಕಸ್ಥಾನವಿರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ಗಣಕಕ್ಕೆ ಕಾಣುವುದನ್ನೆಲ್ಲ ನಾವೂ ಕಾಣಬಹುದು. ಮೊದಲು, ಎಂಜಿನ್ ನಡೆಯದಿರುವಾಗ ಕೀಲಿಯನ್ನು ಮಾತ್ರ ತಿರುಗಿಸಿ ಪೆಡಲನ್ನು ಮೆಲ್ಲಗೆ ಒತ್ತುತ್ತ ಬಂದರು. ಅಂಕಿಯು ಎಲ್ಲಿಯೂ ನಿಲ್ಲದೆ, ಹಾರದೆ, ಸಮವಾಗಿ ಏರಿತು. ಪೆಡಲಿನ ಸಂವೇದಕ ಸರಿಯಾಗಿದೆ. ಆಮೇಲೆ ತಪ್ಪಿದ ದಹನಗಳ ಎಣಿಕೆಯನ್ನು ನೋಡಿದರು. ನಾಲ್ಕು ಸಿಲಿಂಡರುಗಳಲ್ಲಿಯೂ ಸಮನಾಗಿತ್ತು. ಒಂದೇ ಪ್ಲಗ್ಗು, ಒಂದೇ ಸುರುಳಿ ಅಥವಾ ಒಂದೇ ಸಿಂಪಡಕ ಕೆಟ್ಟಿದ್ದರೆ ಒಂದೇ ಸಿಲಿಂಡರು ದೂರುತ್ತಿತ್ತು. ಎಲ್ಲವೂ ದೂರುತ್ತಿರುವುದರಿಂದ ಕಾರಣವು ಎಲ್ಲಕ್ಕೂ ಸಾಮಾನ್ಯವಾದ ದಾರಿಯಲ್ಲಿರಬೇಕು.

ಕೊನೆಯದಾಗಿ ಇಂಧನದ ತಿದ್ದುಪಡಿ. ಹೊರಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಒಂದು ಸಂವೇದಕ ಅರಿಯುತ್ತದೆ. ಅದರ ವರದಿಯಂತೆ ಗಣಕವು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲು ಕೊಡಬೇಕಾಯಿತೆಂಬುದನ್ನು ಶೇಕಡದಲ್ಲಿ ತೋರಿಸುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಕಂಡ ಅಂಕಿಗಳಿವು: ನಿಂತಲ್ಲೇ ಮೆಲ್ಲಗೆ ತಿರುಗುವಾಗ ಶೇಕಡ 22 ಹೆಚ್ಚು, ಭಾರವಿಲ್ಲದೆ 2500 ಸುತ್ತಿನಲ್ಲಿ ಶೇಕಡ 10 ಹೆಚ್ಚು, ಏರನ್ನು ಬಲವಾಗಿ ಹತ್ತುವಾಗ ಶೇಕಡ 4 ಹೆಚ್ಚು.

ಅಂಕಿಗಳು ಹೇಳಿದ ಕಥೆ

ಗಾಳಿಮಾಪಕವನ್ನು ದಾಟಿದ ಮೇಲೆ ಕೊಳವೆಯಲ್ಲೆಲ್ಲೋ ಬಿರುಕಿದೆ ಎಂದು ಊಹಿಸೋಣ. ಅಲ್ಲಿಂದ ಒಳನುಸುಳುವ ಗಾಳಿಯು ಮಾಪಕಕ್ಕೆ ಕಾಣುವುದಿಲ್ಲ. ಅದು ಸೆಕೆಂಡಿಗೆ ಅರ್ಧ ಗ್ರಾಂ ಇರಲಿ. ಇಂಥ ಎಂಜಿನ್ ನಿಂತಲ್ಲೇ ತಿರುಗುವಾಗ ಸೆಕೆಂಡಿಗೆ ಸುಮಾರು 3 ಗ್ರಾಂ ಗಾಳಿಯನ್ನು ಮಾಪಕದ ಮೂಲಕ ಸೇವಿಸುತ್ತದೆ. ಅರ್ಧ ಗ್ರಾಂ ಎಂದರೆ ಅದರ ಶೇಕಡ 17. ಭಾರವಿಲ್ಲದೆ 2500 ಸುತ್ತಿನಲ್ಲಿ ಸೇವನೆ ಸುಮಾರು 10 ಗ್ರಾಂ. ಅದೇ ಅರ್ಧ ಗ್ರಾಂ ಈಗ ಶೇಕಡ 5. ಏರನ್ನು ಹತ್ತುವಾಗ ಗಾಳಿಯ ಬಾಗಿಲು ಅಗಲವಾಗಿ ತೆರೆದು ಕೊಳವೆಯ ಒಳಗೂ ಹೊರಗೂ ಒತ್ತಡದ ಭೇದ ಕುಗ್ಗುತ್ತದೆ; ಸೇವನೆ ಬಹಳ, ಸೋರಿಕೆ ಅತ್ಯಲ್ಪ, ಶೇಕಡ ಸೊನ್ನೆಗೆ ಸಮೀಪ.

ಇವಕ್ಕೆ ಎಥೆನಾಲಿನಿಂದ ಬರತಕ್ಕ ಶೇಕಡ 4ನ್ನು ಸೇರಿಸಿ ನೋಡಿ. ಸುಮಾರು 22, 10, 4! ಮೂರು ಅಂಕಿಗಳೂ ಒಂದೇ ಊಹೆಗೆ ಒಪ್ಪುತ್ತವೆ. ಪೆಟ್ರೋಲಿನ ಪಂಪು ದುರ್ಬಲವಾಗಿದ್ದರೆ ಅಂಕಿಗಳು ಇದಕ್ಕೆ ವಿರುದ್ಧವಾಗಿ, ಭಾರ ಹೆಚ್ಚಿದಂತೆ ಏರುತ್ತಿದ್ದುವು.

ಗಣಕವು ಹೀಗೆ ತಿದ್ದಿಕೊಳ್ಳುತ್ತಿರುವಾಗ ತಡವರಿಕೆ ಏಕೆ ಎಂದು ಚುರುಕಾದ ವಾಚಕರು ಕೇಳಬಹುದು. ತಿದ್ದುಪಡಿಗೆ ಕಾಲ ಬೇಕು. ಮಿಶ್ರಣವು ಒಳಹೋಗಿ, ಉರಿದು, ಹೊಗೆಯಾಗಿ ಸಂವೇದಕವನ್ನು ಮುಟ್ಟಿದ ಮೇಲೆಯೇ ಗಣಕಕ್ಕೆ ತಪ್ಪು ತಿಳಿಯುವುದು. 1200 ಸುತ್ತಿನಲ್ಲಿ ಒಂದು ಪೂರ್ಣ ಚಕ್ರಕ್ಕೆ ಹತ್ತನೆಯ ಒಂದು ಸೆಕೆಂಡು ಹಿಡಿಯುತ್ತದೆ. 6000 ಸುತ್ತಿನಲ್ಲಿ ಐವತ್ತನೆಯ ಒಂದು ಸೆಕೆಂಡು ಮಾತ್ರ. ನಿಧಾನಗತಿಯಲ್ಲಿ ಸುದ್ದಿಯೂ ನಿಧಾನ. ತಿರುವಿನಲ್ಲಿ ಒಣಗಿದ ಗೋಡೆ, ಕಾಣದ ಗಾಳಿ, ತಡವಾದ ಸುದ್ದಿ ಈ ಮೂರೂ ಒಂದೇ ಕ್ಷಣದಲ್ಲಿ ಕೂಡಿಕೊಳ್ಳುವುವು. ಚಳಿಯಲ್ಲಿ ಆಮ್ಲಜನಕದ ಸಂವೇದಕವು ಇನ್ನೂ ಕಾಯದೆ ಇರುವುದರಿಂದ ಸುದ್ದಿಯೇ ಬರುವುದಿಲ್ಲ; ಪೆಟ್ರೋಲೂ ಸರಿಯಾಗಿ ಆವಿಯಾಗುವುದಿಲ್ಲ. ಬೆಳಗಿನ ಹೊತ್ತು ದೋಷ ಹೆಚ್ಚಾಗಿದ್ದುದರ ರಹಸ್ಯವಿದು.

ಬಿರುಕಿನ ಗಾತ್ರವನ್ನೂ ಅಂದಾಜು ಮಾಡಬಹುದು. ಹೊರಗಣ ಒತ್ತಡದ ಅರ್ಧಕ್ಕಿಂತ ಕಡಿಮೆ ಒತ್ತಡ ಒಳಗಿದ್ದಾಗ ಗಾಳಿಯು ಬಿರುಕಿನಲ್ಲಿ ಶಬ್ದದ ವೇಗವನ್ನು ಮುಟ್ಟಿ, ಅದಕ್ಕಿಂತ ಹೆಚ್ಚು ಹರಿಯಲಾರದು. ಈ ನಿಯಮದಿಂದ ಲೆಕ್ಕ ಹಾಕಿದರೆ ಸೆಕೆಂಡಿಗೆ ಅರ್ಧ ಗ್ರಾಂ ಗಾಳಿಗೆ ಎರಡರಿಂದ ಮೂರು ಚದರ ಮಿಲಿಮೀಟರಿನ ಸಂದು ಸಾಕು. 5 ಮಿಲಿಮೀಟರು ಉದ್ದ, ಅರ್ಧ ಮಿಲಿಮೀಟರು ಅಗಲದ ಒಂದು ಸೀಳು! ಹುಡುಕಬೇಕಾದುದು ಎಷ್ಟು ಚಿಕ್ಕದೆಂಬುದು ಹುಡುಕುವ ಮೊದಲೇ ಗೊತ್ತಾಯಿತು.

ಕೊಳವೆಯೊಳಕ್ಕೆ ಅಲ್ಪ ಒತ್ತಡದಲ್ಲಿ ಹೊಗೆಯನ್ನು ತುಂಬುವ ಸಾಧನ ಕಾರ್ಯಾಗಾರಗಳಲ್ಲಿ ದೊರೆಯುತ್ತದೆ. ಅದನ್ನು ಜೋಡಿಸಿದಾಗ ಎಂಜಿನ್ನಿನ ಹಿಂಬದಿಯಲ್ಲಿ, ಕೈಗೂ ಕಣ್ಣಿಗೂ ನಿಲುಕದ ಒಂದು ರಬ್ಬರ್ ಕೊಳವೆಯ ಕೆಳಮೈಯಿಂದ ಎಳೆಯಾಗಿ ಹೊಗೆ ಹೊರಟಿತು. ವಯಸ್ಸಾಗಿ ಗಡುಸಾದ ರಬ್ಬರು ಸೀಳಿತ್ತು. ಅಂಗೈಯಗಲದ ಆ ಕೊಳವೆಯನ್ನು ಬದಲಾಯಿಸಿದ ಮೇಲೆ ಮೂರು ಸ್ಥಿತಿಗಳಲ್ಲಿಯೂ ತಿದ್ದುಪಡಿ ಶೇಕಡ 4ಕ್ಕೆ ನಿಂತಿತು. ತಿರುವಿನಲ್ಲಿ ತಡವರಿಕೆ ಇರಲಿಲ್ಲ.

ಮಾವ ಸಂತೋಷಪಟ್ಟರು. ಅಳಿಯನಿಗೆ ಮಾತ್ರ ಇನ್ನೊಂದು ಕೆಲಸವಿತ್ತು. ಹಳೆಯ ಕೊಳವೆಯನ್ನು ಮತ್ತೆ ಹಾಕಿ ನಿಂತಲ್ಲೇ ಎಂಜಿನ್ ನಡೆಸಿ ನೋಡಿದ. 22 ಮರಳಿ ಬಂತು. ಹೊಸದನ್ನು ಹಾಕಿದ, 4 ಆಯಿತು. ಕೊಳವೆಯೇ ಕಾರಣವೆಂದು ಆಗ ಸಿದ್ಧವಾಯಿತು. ಬದಲಾಯಿಸಿದ ಮೇಲೆ ಗುಣವಾಯಿತೆಂಬುದಷ್ಟೇ ಪ್ರಮಾಣವಲ್ಲ. ಕೆಲಸ ಮಾಡುವಾಗ ಅಲುಗಾಡಿದ ಯಾವುದೋ ತಂತಿ ತಾನಾಗಿ ಕೂಡಿಕೊಂಡಿದ್ದರೂ ಗುಣವಾಗಬಹುದಿತ್ತು.

ಎಚ್ಚರಿಕೆಯ ಮಾತು

ಈ ಪರೀಕ್ಷೆಗಳನ್ನು ವಿದ್ಯಾರ್ಥಿಗಳು ಅನುಭವಿಯಾದ ಮೆಕ್ಯಾನಿಕ್ಕಿನ ಜೊತೆಯಲ್ಲಿ ಮಾತ್ರ ಮಾಡತಕ್ಕದ್ದು. ಸೋರಿಕೆಯನ್ನು ಹುಡುಕಲು ಊದುಬತ್ತಿಯನ್ನಾಗಲಿ ಬೆಂಕಿಕಡ್ಡಿಯನ್ನಾಗಲಿ ಎಂಜಿನ್ನಿನ ಬಳಿ ಎಂದಿಗೂ ತರಬಾರದು; ಪೆಟ್ರೋಲಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಕಿಡಿಯ ತಂತಿಗಳನ್ನು ಎಂಜಿನ್ ನಡೆಯುತ್ತಿರುವಾಗ ಮುಟ್ಟಬಾರದು. ಓಡುವ ಕಾರಿನಲ್ಲಿ ಸ್ಕ್ಯಾನರನ್ನು ನೋಡುವವನು ಪಕ್ಕದಲ್ಲಿ ಕುಳಿತವನಾಗಿರಬೇಕು, ಚಾಲಕನಲ್ಲ. ದೋಷ ಪರಿಹಾರವಾಗುವವರೆಗೆ ಘಾಟಿಯಲ್ಲಿ ಮುಂದಿನ ಗಾಡಿಯನ್ನು ದಾಟುವ ಸಾಹಸ ಬೇಡ.

ಎಲ್ಲ ಕಾರುಗಳಲ್ಲಿಯೂ ಕಾರಣ ಒಂದೇ ಆಗಿರುವುದಿಲ್ಲ. ಒಂದರಲ್ಲಿ ಗಾಳಿಮಾಪಕದ ತಂತಿಗೆ ಧೂಳು ಅಂಟಿರಬಹುದು. ಇನ್ನೊಂದರಲ್ಲಿ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುವ ಎಂಜಿನ್ನಿನಲ್ಲಿ, ಒಳಕವಾಟಗಳ ಮೇಲೆ ಇಂಗಾಲ ಕಟ್ಟಿರಬಹುದು. ಗಾಳಿಯನ್ನು ತೂಗದೆ ಕೊಳವೆಯ ಒತ್ತಡದಿಂದ ಅಂದಾಜು ಮಾಡುವ ಕಾರುಗಳಲ್ಲಿ ಸೋರಿಕೆಯ ಲಕ್ಷಣವೇ ಬೇರೆ. ಅಲ್ಲಿ ಮಿಶ್ರಣ ವಿರಳವಾಗುವ ಬದಲು ಎಂಜಿನ್ ನಿಂತಲ್ಲೇ ಹೆಚ್ಚು ವೇಗವಾಗಿ ತಿರುಗುತ್ತದೆ. ಉತ್ತರ ಬದಲಾದರೂ ಹುಡುಕುವ ಕ್ರಮ ಬದಲಾಗುವುದಿಲ್ಲ. ಮೊದಲು ಗಮನಿಸಿ ಬರೆ, ಆಮೇಲೆ ಅಳೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಗುಣವಾದ ಮೇಲೂ ಮತ್ತೊಮ್ಮೆ ಪರೀಕ್ಷಿಸು. ಪ್ರಯೋಗಶಾಲೆಯಲ್ಲಿ ಕಲಿಯುವ ಈ ನಾಲ್ಕು ಮಾತುಗಳು ವನಗೂರಿನ ತಿರುವಿನಲ್ಲಿಯೂ ಸಲ್ಲುತ್ತವೆ.

ಅಭ್ಯಾಸ

1. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುವಾಗ ಅರ್ಧ ಸೆಕೆಂಡಿನಲ್ಲಿ ಎಷ್ಟು ದಹನಗಳಾಗುತ್ತವೆ? ಮೂರು ಸಿಲಿಂಡರಿನದಾದರೆ ಎಷ್ಟು?

2. ಒಂದು ಕಾರಿನಲ್ಲಿ ಇಂಧನದ ತಿದ್ದುಪಡಿ ನಿಂತಲ್ಲೇ ತಿರುಗುವಾಗ ಶೇಕಡ 4, ಏರನ್ನು ಹತ್ತುವಾಗ ಶೇಕಡ 21 ಹೆಚ್ಚಾಗಿದೆ. ಬಿರುಕನ್ನು ಹುಡುಕುವುದು ಸರಿಯೆ? ಕಾರಣ ಕೊಡಿ.

3. ಸಕಲೇಶಪುರದಲ್ಲಿ ಸರಿಹೊಂದಿಸಿದ ಕಾರ್ಬ್ಯುರೇಟರಿನ ಗಾಡಿಯನ್ನು ಮಂಗಳೂರಿಗೆ ಒಯ್ದರೆ ಮಿಶ್ರಣ ಗಾಢವಾಗುವುದೊ, ವಿರಳವಾಗುವುದೊ?

4. ಹಳೆಯ ಕೊಳವೆಯನ್ನು ಮತ್ತೆ ಹಾಕಿ ನೋಡದೆ ಬಿಟ್ಟಿದ್ದರೆ, ಆ ಪರೀಕ್ಷೆಯಲ್ಲಿ ಯಾವ ಸಂಶಯ ಉಳಿಯುತ್ತಿತ್ತು?